ಹೆಸರಿನ ದಫ್ತರ ಯಾರ ಕೈಯಾಗ ಇರಬೇಕು?

ನಾವು ಸೊಲ್ಲಾಪುರ ಅಂತೀವಿ, ರೈಲ್ವೆ ಸ್ಟೇಶನ್ನಿನ ಬೋರ್ಡು ಸೋಲಾಪುರ ಅಂತದ. ನಾವು ಅಕ್ಕಲಕೋಟಿ ಅಂತೀವಿ, ಎಸ್.ಟಿ. ಬಸ್ಸಿನ ಮುಂದಿನ ಹಲಗಿ ಅಕ್ಕಲಕೋಟ ಅಂತದ. ನಮ್ಮ ಜತ್ತ ಕಚೇರಿ ಕಾಗದದಾಗ ಜತ. ಒಂದು ಒತ್ತಕ್ಷರ ಹೋದರೆ ಊರೇನು ಹೋಯಿತೇ ಎಂದು ಯಾರಾದರೂ ಕೇಳಬಹುದು. ಹೋಗಲಿಲ್ಲ, ಅದೂ ಖರೇನ. ಆದರೆ ಗಡಿಯಲ್ಲಿ ಬಾಳುವ ನಮ್ಮಂಥವರಿಗೆ ಒಂದು ಮಾತು ಲಗೂನ ತಿಳಿಯುತ್ತದೆ. ಹೆಸರು ಕರೆಯುವವರ ಬಾಯಾಗ ಇರತದ, ಹೆಸರಿನ ಮ್ಯಾಲಿನ ಅಧಿಕಾರ ಬರೆಯುವವನ ಕೈಯಾಗ ಇರತದ. ಶಾಲೆಯ ರಜಿಸ್ಟರಿನಲ್ಲಿ ಮಾಸ್ತರರು ಬರೆದದ್ದೇ ಹುಡುಗನ ಹೆಸರು. ಸಾತಬಾರಾ ಉತಾರೆಯಲ್ಲಿ ತಲಾಠಿ ಬರೆದದ್ದೇ ಹೊಲದ ಒಡೆಯನ ಹೆಸರು.

ಹಾಂಗಾದರ ಆ ಬರೆಯುವ ದಫ್ತರ ಯಾರ ಕೈಯಾಗ ಇರಬೇಕು? ಒಬ್ಬನ ಕೈಯಾಗೋ, ಹತ್ತು ಮಂದಿ ಕೈಯಾಗೋ, ಇಲ್ಲಾ ಒಮ್ಮೆ ಬರೆದ ಮೇಲೆ ಯಾರ ಕೈಗೂ ಸಿಗದಂಗೋ? ಪ್ರಶ್ನೆ ನಮ್ಮ ಚಾವಡಿಯಷ್ಟು ಹಳೇದು. ಅದೇ ಪ್ರಶ್ನೆ ಈಗ ಇಂಟರ್ನೆಟ್ಟಿನಾಗ ಎದ್ದದ. ಅಲ್ಲಿಯ ಹೆಸರುಗಳ ದಫ್ತರವನ್ನು ಕಚೇರಿಗಳ ಕೈಯಿಂದ ಬಿಡಿಸಿ 'ಬ್ಲಾಕ್‌ಚೈನ್' ಎಂಬ ಹೊಸ ನಮೂನಿ ವಹಿಯಲ್ಲಿ ಬರೆಯಬೇಕು ಎನ್ನುವ ಮಂದಿ ಇದ್ದಾರೆ. ಅವರು ಬರೇ ಮಾತಾಡಿಲ್ಲ, ಮಾಡಿಯೂ ನೋಡಿದ್ದಾರೆ.

ಏಳನೇ ಇಯತ್ತೆ ಕಲಿತವನು ಇದಕ್ಕ್ಯಾಕ ಕೈ ಹಾಕ್ಯಾನ ಅಂತ ನೀವು ಕೇಳಬಹುದು. ನಾನು ಜ್ವಾಳ ಬಿತ್ತುವವ, ಒಂದೀಟು ದಾಳಿಂಬರಿ ಗಿಡ ಸಾಕಿದವ, ಜಾತ್ರೆ ಬಂದರೆ ಗೀಗೀ ಮೇಳದ ಜೋಡಿ ದಪ್ಪು ಬಾರಿಸುವವ. ಕಂಪ್ಯೂಟರಿನ ಒಳಗಿಂದು ನನಗ ತಿಳಿಯೂದಿಲ್ಲ. ಆದರೆ ವಹಿ ಗೊತ್ತು, ಉತಾರೆ ಗೊತ್ತು, ಹೆಸರು ಅಂದ್ರ ಏನಂತ ಚೆನ್ನಾಗಿ ಗೊತ್ತು. ಉಳಿದದ್ದನ್ನು ನಮ್ಮ ಕನ್ನಡ ಶಾಲೆಯ ಮಾಸ್ತರರೊಬ್ಬರು ಮತ್ತು ನನ್ನ ಮೊಮ್ಮಗ ಕೂಡಿ ಎರಡು ತಿಂಗಳು ನನಗೆ ಬಿಡಿಸಿ ಹೇಳಿದರು. ನಾನು ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದೆ. ಮೊಮ್ಮಗ "ಮುತ್ಯಾ, ನಿನಗ ಇದು ಯಾಕ ಬೇಕೋ?" ಅಂದ. ಯಾಕ ಬೇಕು ಅನ್ನೂದನ್ನ ಮುಂದೆ ಹೇಳತೀನಿ.

ಮೊದಲು ಈಗಿನ ದಫ್ತರ ಹೆಂಗ ನಡೀತದ ನೋಡೋಣ. ಮಶೀನಿಗೆ ನಂಬರು ತಿಳಿಯುತ್ತದೆ, ಮನುಷ್ಯನಿಗೆ ಹೆಸರು ನೆನಪಿರುತ್ತದೆ. ನಿಮ್ಮ ಮೊಬೈಲಿನಾಗ ಅಣ್ಣ ಅಂತ ಬರೆದಿಟ್ಟು ಹಿಂದೆ ಹತ್ತು ಅಂಕಿ ಇಟ್ಟಿರತೀರಲ್ಲ, ಹಾಂಗ. ಇಂಟರ್ನೆಟ್ಟು ಇನ್ನೂ ಕೂಸಾಗಿದ್ದಾಗ ಇಡೀ ಜಗತ್ತಿಗೆ ಒಂದೇ ಪಟ್ಟಿ ಇತ್ತು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬ ಹೆಣ್ಣುಮಗಳು ಮತ್ತು ಆಕೆಯ ಕಚೇರಿಯವರು ಆ ಪಟ್ಟಿ ಇಟ್ಟಿದ್ದರು. ಹೊಸ ಕಂಪ್ಯೂಟರಿಗೆ ಹೆಸರು ಬೇಕಾದರೆ ಅವರನ್ನೇ ಕೇಳಬೇಕು. ಮಂದಿ ಹೆಚ್ಚಾದ ಮೇಲೆ ಒಂದು ಪಟ್ಟಿ ಸಾಲದಾಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬವರು ಅದನ್ನು ಗಿಡದ ಹಾಂಗ ಟೊಂಗಿ ಟೊಂಗಿಯಾಗಿ ಹಂಚಿದರು. ಅದಕ್ಕೆ ಡೊಮೇನ್ ನೇಮ್ ಸಿಸ್ಟಂ ಎನ್ನುತ್ತಾರೆ.

ಟಪಾಲಿನವರು ಲಕೋಟೆಯ ವಿಳಾಸವನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಾರೆ. ಮೊದಲು ಜಿಲ್ಲೆ ಸಾಂಗಲಿ, ಆಮೇಲೆ ತಾಲೂಕು ಜತ್ತ, ಆಮೇಲೆ ಊರು, ಕಡೀಕ ಮನಿತನ. ಮಶೀನೂ ಹಾಂಗೇ ಹೆಸರಿನ ಬಾಲದಿಂದ ಶುರು ಮಾಡತದ. 'ಡಾಟ್ ಇನ್' ಅಂದರೆ ಭಾರತದ ಟೊಂಗಿ. 'ಡಾಟ್ ಕಾಮ್' ಅಂದರೆ ಬ್ಯಾರೆ ಟೊಂಗಿ. ಎಲ್ಲಾ ಟೊಂಗಿಗೂ ಕೆಳಗೆ 'ರೂಟ್', ಅಂದ್ರ ಬೇರು. ಬೇರಿನಲ್ಲಿ ಯಾವ ಟೊಂಗಿ ಇರಬೇಕು, ಯಾವುದು ಬ್ಯಾಡ ಎಂಬ ದಫ್ತರ 1998ರಲ್ಲಿ ಹುಟ್ಟಿದ ಐಕ್ಯಾನ್ ಎಂಬ ಸಂಸ್ಥೆಯ ಕೈಯಲ್ಲಿದೆ. ಅದೂ ಕ್ಯಾಲಿಫೋರ್ನಿಯಾದಲ್ಲೇ. ಅಮೆರಿಕದ ವಾಣಿಜ್ಯ ಇಲಾಖೆಗೆ ಈ ದಫ್ತರದ ಮೇಲಿದ್ದ ಹಿಡಿತ ಬಿಟ್ಟದ್ದು 2016ರ ಅಕ್ಟೋಬರ್ 1ರಂದು. ಬೇರಿನ ಮಾಹಿತಿ ಕೊಡುವ ಸರ್ವರುಗಳಿಗೆ ಎ ಯಿಂದ ಎಂ ತನಕ ಹದಿಮೂರು ಹೆಸರು, ಅವುಗಳ ಪ್ರತಿಗಳು ಜಗತ್ತಿನ ತುಂಬ ಸಾವಿರಕ್ಕೂ ಹೆಚ್ಚು ಕಡೆ ಇವೆ. ಪ್ರತಿ ಎಷ್ಟಿದ್ದರೂ ಬರೆಯುವ ಕೈ ಒಂದೇ, ಇದನ್ನು ನೆನಪಿಟ್ಟುಕೊಳ್ಳಿರಿ.

ನಮಗ ಖುಷಿಯಾಗೋ ಒಂದು ಸುದ್ದಿ ಹೇಳಿಬಿಡತೀನಿ. ಆ ಬೇರಿನೊಳಗ ನಮ್ಮ ಕನ್ನಡ ಅಕ್ಷರದಾಗ ಬರೆದ 'ಡಾಟ್ ಭಾರತ' ಕೂಡ ಅದ. ಇದನ್ನು ಮಾಡುವಾಗ ಕನ್ನಡ, ತೆಲುಗು ಅಕ್ಷರಗಳ ಹೋಲಿಕೆ ದೊಡ್ಡ ತೊಡಕಾಯಿತಂತೆ. ಗ, ಜ, ರ, ಲ ಇವೆಲ್ಲ ಎರಡೂ ಲಿಪಿಯಾಗ ಅಣ್ಣತಮ್ಮರ ಹಾಂಗ. ಕಣ್ಣಿಗೆ ಒಂದೇ, ಮಶೀನಿಗೆ ಬ್ಯಾರೆ ಬ್ಯಾರೆ. ಕಳ್ಳ ಮನಸ್ಸಿನವ ಒಂದರ ಬದಲಿಗೆ ಇನ್ನೊಂದನ್ನು ಹಾಕಿ ನಕಲಿ ಹೆಸರು ತೆಗೆಯಬಹುದು. ಅದಕ್ಕ ಬಲ್ಲವರು ಕೂತು ಯಾವ ಅಕ್ಷರಕ್ಕ ಯಾವುದು ಜೋಡಿ ಅಂತ ನಿಯಮ ಬರೆದರು. ರಾಯದುರ್ಗ, ಮಡಕಶಿರಾ ಕಡೆಯ ಓದುಗರಿಗೆ ಇದು ಹೆಚ್ಚು ತಿಳಿದೀತು.

ಈಗ ಬಾಡಿಗೆಯ ಮಾತು. ಈ ದಫ್ತರದಲ್ಲಿ ಹೆಸರು ಯಾರಿಗೂ ಖರೀದಿ ಸಿಗುವುದಿಲ್ಲ. ವರ್ಷ ವರ್ಷ ರೊಕ್ಕ ತುಂಬಿ ಇಟ್ಟುಕೊಳ್ಳಬೇಕು. ತಪ್ಪಿದರೆ ಹೆಸರು ಮತ್ತೆ ಬಜಾರಿಗೆ ಬೀಳುತ್ತದೆ.

ನಮ್ಮ ಮೇಳದ್ದು ಹಾಂಗ ಬಿತ್ತು. ಹಿಂದೆ ಊರಿನ ಹುಡುಗನೊಬ್ಬ ನಮ್ಮ ಪದಗಳನ್ನು ಮೊಬೈಲಿನಾಗ ಹಿಡಿದು, ಊರ ಹೆಸರು ಮೇಳದ ಹೆಸರು ಕೂಡಿಸಿ ಒಂದು ವೆಬ್‌ಸೈಟು ಮಾಡಿಕೊಟ್ಟಿದ್ದ. ನಲವತ್ತೊಂದು ಪದ ಅದರಾಗ ಇದ್ದವು. ನಾಲ್ಕು ಪದ ನಮಗೆ ಕಲಿಸಿದ ಗುರುವಿನ ದನಿಯಲ್ಲೇ ಇದ್ದವು, ಅವರು ಈಗ ಇಲ್ಲ. ಇಂಡಿ, ಚಡಚಣ, ಮಂಗಳವೇಢೆ ಕಡಿಂದ ಮಂದಿ ಅದನ್ನ ಕೇಳಿ ಜಾತ್ರಿಗೆ ಕರೀತಿದ್ದರು. ಹುಡುಗ ನೌಕರಿಗಂತ ಪುಣೆಗೆ ಹೋದ, ಅವನ ನಂಬರು ಬದಲಾಯಿತು, ಬಾಡಿಗೆ ತುಂಬಿರೆಂಬ ನೋಟೀಸು ಯಾವುದೋ ಹಳೇ ಈಮೇಲಿಗೆ ಬಂದು ಬಂದು ಸುಮ್ಮನಾಯಿತು. ಒಂದು ದಿನ ಮಾಸ್ತರರು ತೆಗೆದು ನೋಡಿದರೆ ಅಲ್ಲಿ ರೊಕ್ಕ ಹಚ್ಚಿ ಆಡುವ ಇಸ್ಪೀಟು! ಹೆಸರು ನಮ್ಮದು, ಊರು ನಮ್ಮದು, ಒಳಗೆ ಜೂಜು. ಬಾಡಿಗೆ ತೆಗೆದುಕೊಂಡಿದ್ದ ಕಂಪನಿಗೆ ಫೋನು ಹಚ್ಚಿದರೆ "ಮುದತ್ತು ಮುಗಿದಿತ್ತು, ಬೇರೆಯವರು ತಗೊಂಡರು, ನಮ್ಮ ಕೈಯಲ್ಲಿ ಏನೂ ಇಲ್ಲ" ಎಂದರು. ಹೊಸದಾಗಿ ಹಿಡಿದವನು ದಲ್ಲಾಳಿಯ ಬಾಯಿಂದ ನಲವತ್ತು ಸಾವಿರ ಕೇಳಿದ. ನಮ್ಮ ಮೇಳಕ್ಕೆ ಒಂದು ರಾತ್ರಿಗೆ ಐದು ಸಾವಿರ ಬಂದರೆ ಹೆಚ್ಚು, ಅದನ್ನು ಏಳು ಮಂದಿ ಹಂಚಿಕೋಬೇಕು. ಪದಗಳ ಪ್ರತಿ ಹುಡುಗನ ಹತ್ತಿರ ಇದ್ದವು, ಅವು ಉಳಿದವು. ಹೆಸರು ಹೋಯಿತು. ಹಳೇ ಹ್ಯಾಂಡಬಿಲ್ಲು ನೋಡಿ ಇವತ್ತೂ ಯಾರಾದರೂ ಆ ಹೆಸರು ಒತ್ತಿದರೆ ನಮ್ಮ ಗುರುವಿನ ಬದಲಿಗೆ ಇಸ್ಪೀಟಿನ ರಾಣಿ ಬರತಾಳ.

ಮೊಮ್ಮಗ ಆಗ ಹೇಳಿದ ಮಾತೇ ನನ್ನನ್ನು ಈ ದಾರಿಗೆ ತಂದದ್ದು. "ಮುತ್ಯಾ, ಬ್ಲಾಕ್‌ಚೈನಿನಾಗ ಬರೆಸಿದ್ದರ ಯಾರೂ ಕಿತ್ತುಕೊಳ್ಳಾಕ ಆಗತಿರಲಿಲ್ಲ."

ಕಿತ್ತುಕೊಳ್ಳುವವರು ಬಾಡಿಗೆಯವರಷ್ಟೇ ಅಲ್ಲ, ಸರಕಾರವೂ ಇರಬಹುದು. ಸ್ಪೇನ್ ದೇಶದೊಳಗೆ ಕ್ಯಾಟಲನ್ ಎಂಬ ಭಾಷೆಯಾಡುವ ಮಂದಿ ಇದ್ದಾರೆ. ದೊಡ್ಡ ಭಾಷೆಯೊಂದರ ಆಳಿಕೆಯೊಳಗೆ ತಮ್ಮ ಮಾತು ಉಳಿಸಿಕೊಂಡವರು, ಆ ಕಷ್ಟದ ರುಚಿ ನಮಗೂ ಗೊತ್ತದ. ಅವರು ತಮ್ಮ ಭಾಷೆಗೆ, ಸಂಸ್ಕೃತಿಗೆ ಅಂತಲೇ ಒಂದು ಟೊಂಗಿ ಕೇಳಿ ಪಡೆದರು, 'ಡಾಟ್ ಕ್ಯಾಟ್'. ಐಕ್ಯಾನ್ ಒಪ್ಪಿದ್ದು 2005ರಲ್ಲಿ. 2017ರಲ್ಲಿ ಅಲ್ಲಿ ಸ್ವತಂತ್ರ ದೇಶ ಬೇಕೋ ಬ್ಯಾಡೋ ಎಂಬ ಜನಮತಕ್ಕೆ ತಯಾರಿ ನಡೆದಾಗ, ಸ್ಪೇನಿನ ಕೋರ್ಟು ಅದನ್ನು ಕಾನೂನುಬಾಹಿರ ಎಂದಿತು. ಸೆಪ್ಟೆಂಬರ್ 20ರಂದು ಪೊಲೀಸರು ಡಾಟ್ ಕ್ಯಾಟ್ ದಫ್ತರದ ಕಚೇರಿಗೇ ನುಗ್ಗಿ ತಪಾಸಣೆ ಮಾಡಿದರು, ಜನಮತದ ಸುದ್ದಿ ಇದ್ದ ಹೆಸರುಗಳನ್ನು ಮುಚ್ಚಿಸಲು ಹೊರಟರು. ಜನಮತ ಸರಿಯೋ ತಪ್ಪೋ ಅದು ಅವರ ಮನಿ ಜಗಳ, ನಾನು ಅದರಾಗ ಹೋಗೂದಿಲ್ಲ. ನನಗೆ ಕಂಡದ್ದು ಇಷ್ಟು. ಭಾಷೆಯ ಹೆಸರಿನ ದಫ್ತರ ಒಂದು ಕೋಣೆಯಲ್ಲಿತ್ತು, ಆ ಕೋಣೆಗೆ ಒಂದು ಬಾಗಿಲಿತ್ತು.

ಇನ್ನೊಂದು ಪ್ರಸಂಗ. 2022ರಲ್ಲಿ ರಷ್ಯಾ ಯುಕ್ರೇನಿನ ಮೇಲೆ ಏರಿ ಹೋದಾಗ, ಯುಕ್ರೇನ್ ಸರಕಾರ ಫೆಬ್ರವರಿ 28ರಂದು ಐಕ್ಯಾನಿಗೆ ಕಾಗದ ಬರೆದು ರಷ್ಯಾದ 'ಡಾಟ್ ಆರ್‌ಯು' ಟೊಂಗಿಯನ್ನೇ ಕಡಿದು ಹಾಕಿರಿ ಎಂದಿತು. ಐಕ್ಯಾನ್ ಎರಡೇ ದಿನದಲ್ಲಿ ಆಗುವುದಿಲ್ಲ ಎಂದು ಉತ್ತರ ಕೊಟ್ಟಿತು, ನಮ್ಮ ಕೆಲಸ ದಂಡಿಸುವುದಲ್ಲ ಎನ್ನುವ ಅರ್ಥದಲ್ಲಿ. ಪೆಟ್ಟು ತಿಂದವರು ಕೇಳಿದ್ದು ಸಹಜ. ಆದರೂ ಐಕ್ಯಾನಿನದು ಸರಿ ಎಂದೇ ನನಗೆ ಅನಿಸುತ್ತದೆ. ಅರಸು ಮಾಡಿದ ತಪ್ಪಿಗೆ ಅಲ್ಲಿಯ ಸಾಲಿ, ದವಾಖಾನಿ, ಬಡವನ ಅಂಗಡಿ ಎಲ್ಲದರ ಹೆಸರು ಅಳಿಸಬಾರದು. ಆದರೆ ಅದು ಸರಿ ಹೋದದ್ದು ಆ ಕುರ್ಚಿಯಲ್ಲಿ ಕೂತವರು ಸರಿಯಾಗಿ ಯೋಚಿಸಿದ್ದರಿಂದ. ನಾಳೆ ಕುರ್ಚಿಯಲ್ಲಿ ಬೇರೆಯವರು ಕೂತಾರು.

ಕುರ್ಚಿಯೇ ಇಲ್ಲದ ದಫ್ತರ ಮಾಡೋಣ ಎಂದವರ ವಿಚಾರ ಇಲ್ಲಿಂದ ಶುರುವಾಗುತ್ತದೆ. ಇದನ್ನು ತಿಳಿಯಲು ನನಗೆ ನೆರವಾದವರು ನಮ್ಮ ಹೆಳವರು.

ಹೆಳವರು ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಎತ್ತಿನ ಮ್ಯಾಲೆ ಕೂತು ಊರಿಗೆ ಬರುವವರು. ಒಬ್ಬೊಬ್ಬ ಹೆಳವನಿಗೆ ಇಂತಿಂಥ ಮನಿತನ ಅಂತ ಹಂಚಿಕೆ ಇರುತ್ತದೆ. ಅಂಗಳದಾಗ ನಿಂತು ನಿಮ್ಮ ಮುತ್ಯಾನ ಮುತ್ಯಾ ಯಾರು, ಯಾವ ಊರಿಂದ ಬಂದವರು, ಯಾರಿಗೆ ಎಷ್ಟು ಮಕ್ಕಳು, ಎಲ್ಲಾ ಒಂದು ಧಾಟಿಯಲ್ಲಿ ಹೇಳುತ್ತ ಹೋಗುತ್ತಾನೆ. ಹೊಸದಾಗಿ ಹುಟ್ಟಿದವರ ಹೆಸರು ವಹಿಯಲ್ಲಿ ಏರಿಸಿಕೊಳ್ಳುತ್ತಾನೆ. ಕಾಳು ಕಡಿ, ರೊಕ್ಕ ಕೊಟ್ಟು ಕಳಿಸುವುದು ಪದ್ಧತಿ. ಸಣ್ಣವನಿದ್ದಾಗ ನಾನು ಬಾಯಿ ತೆರೆದು ಕೇಳುತ್ತ ನಿಲ್ಲುತ್ತಿದ್ದೆ. ನನ್ನ ಹಾಡಿಕೆಗೆ ಮೊದಲ ಗುರು ಆ ಎತ್ತಿನ ಮ್ಯಾಲಿನವನೇ ಏನೋ.

ಈಗ ಒಬ್ಬ ಹೆಳವನ ಬದಲು ಹತ್ತು ಸಾವಿರ ಹೆಳವರು ಇದ್ದಾರೆ, ಎಲ್ಲರ ಹತ್ತಿರವೂ ಎಲ್ಲಾ ಮನಿತನದ ಒಂದೇ ವಹಿ ಇದೆ ಎಂದು ತಿಳಿಯಿರಿ. ಹೊಸ ಹೆಸರು ಬಂದರೆ ಒಬ್ಬ ಗಟ್ಟಿಯಾಗಿ ಓದಬೇಕು, ಉಳಿದವರೆಲ್ಲ ತಾಳೆ ನೋಡಿ ತಮ್ಮ ವಹಿಯಲ್ಲಿ ಬರೆದುಕೊಳ್ಳಬೇಕು. ಪುಟ ತುಂಬಿದ ಮೇಲೆ ಆ ಪುಟದ ಒಟ್ಟು ಗುರುತನ್ನು ಮುಂದಿನ ಪುಟದ ನೆತ್ತಿಗೆ ಬರೆಯಬೇಕು. ಆಮೇಲೆ ಯಾವನೋ ಒಬ್ಬ ಹಳೇ ಪುಟ ತಿದ್ದಿದ ಅನ್ನಿರಿ, ಮುಂದಿನ ಪುಟದ ನೆತ್ತಿಯ ಗುರುತು ಕೂಡೂದಿಲ್ಲ, ಅದರ ಮುಂದಿಂದೂ ಕೂಡೂದಿಲ್ಲ. ಅವನೊಬ್ಬನ ವಹಿ ಸುಳ್ಳಾಗತದ, ಉಳಿದವರದು ಖರೇ ಉಳಿಯತದ. ಪುಟಕ್ಕೆ ಪುಟ ಸರಪಳಿ. ಬ್ಲಾಕ್‌ಚೈನ್ ಅಂದರೆ ಇಷ್ಟೇ. ಪೊಲೀಸರು ಎಷ್ಟು ಕೋಣೆಗೆ ನುಗ್ಗಿಯಾರು?

ಝೂಕೋ ಎಂಬವರೊಬ್ಬರು 2001ರಲ್ಲಿ ಒಂದು ಮಾತು ಹೇಳಿದ್ದರು. ಹೆಸರು ಮನುಷ್ಯನ ನೆನಪಿನಲ್ಲಿ ಉಳಿಯುವಂತಿರಬೇಕು, ಬೇರೆಯವನು ಕದಿಯಲಾಗದಂತಿರಬೇಕು, ಮೇಲೆ ಯಜಮಾನನಿರಬಾರದು, ಈ ಮೂರರಲ್ಲಿ ಎರಡು ಸಿಕ್ಕಾವು, ಮೂರೂ ಕೂಡಿ ಸಿಗುವುದಿಲ್ಲ ಅಂತ. 2011ರ ಜನವರಿಯಲ್ಲಿ ಆರನ್ ಸ್ವಾರ್ಟ್ಜ್ ಎಂಬ ಹುಡುಗ, ಬಿಟ್‌ಕಾಯಿನ್ ವಹಿಯಂಥದ್ದು ಇದ್ದರೆ ಮೂರೂ ಸಿಗುತ್ತವೆ ಎಂದು ಬರೆದ. ಅದೇ ವರ್ಷ ಏಪ್ರಿಲ್‌ನಲ್ಲಿ ನೇಮ್‌ಕಾಯಿನ್ ಶುರುವಾಯಿತು. ಅದರ ಹೆಸರುಗಳ ಬಾಲ 'ಡಾಟ್ ಬಿಟ್'. ಐಕ್ಯಾನ್ ಇಲ್ಲ, ಅರ್ಜಿ ಇಲ್ಲ, ಮೊದಲು ಬರೆಸಿದವನದೇ ಹೆಸರು.

ಏನಾಯಿತು? 2015ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಆ ವಹಿಯನ್ನು ಪುಟ ಪುಟ ತೆಗೆದು ನೋಡಿದರು. ಸುಮಾರು 1,20,000 ಹೆಸರು ಬರೆಸಿದ್ದರು. ಅದರಲ್ಲಿ ಸುಮ್ಮನೆ ಹಿಡಿದು ಕೂತದ್ದಲ್ಲದೆ, ಒಳಗೆ ಏನಾದರೂ ಹುರುಳಿದ್ದು ಖರೇ ಬಳಕೆಯಲ್ಲಿದ್ದವು ಎಷ್ಟು ಗೊತ್ತೇನ್ರಿ? 28. ಸಾವಿರ ಅಲ್ಲ, ನೂರು ಅಲ್ಲ, ಇಪ್ಪತ್ತೆಂಟು! ಉಳಿದದ್ದೆಲ್ಲ ದೊಡ್ಡ ದೊಡ್ಡ ಕಂಪನಿಯ, ಹೆಸರಾಂತವರ ಹೆಸರುಗಳನ್ನು ಮುಂದಾಗಿ ಹಿಡಿದು, ನಾಳೆ ಮಾರಿದರಾಯಿತು ಎಂದು ಕೂತದ್ದು. ಜಾತ್ರಿ ಬಸ್ಸಿಗೆ ಕಿಡಕ್ಯಾಗಿಂದ ಟವೆಲ್ಲು ಒಗೆದು ಸೀಟು ಹಿಡೀತಾರಲ್ಲ, ಒಬ್ಬನೇ ಇಪ್ಪತ್ತು ಟವೆಲ್ಲು ಒಗೆದಂಗ. ಟವೆಲ್ಲು ತೆಗೆಸಲು ಕಂಡಕ್ಟರ್ ಬೇಕಲ್ಲ, ಕಂಡಕ್ಟರನೇ ಬ್ಯಾಡ ಅಂತ ಮಾಡಿದ ಬಸ್ಸು ಅದು.

ಆಮೇಲೆ ಬಂದವರು ಇದರಿಂದ ಕಲಿತರು. 2017ರಲ್ಲಿ ಶುರುವಾದ ಇಥೀರಿಯಂ ನೇಮ್ ಸರ್ವಿಸ್, ಅದರ ಬಾಲ 'ಡಾಟ್ ಇಟಿಎಚ್', ಮೊದಲು ಲಿಲಾವು ಮಾಡಿ ಹೆಸರು ಕೊಟ್ಟಿತು. 2019ರಲ್ಲಿ ವರ್ಷದ ಬಾಡಿಗೆ ಹಚ್ಚಿತು. ಐದಕ್ಷರ ಅಥವಾ ಹೆಚ್ಚಿದ್ದರೆ ವರ್ಷಕ್ಕೆ 5 ಡಾಲರ್, ನಾಲ್ಕಕ್ಷರಕ್ಕೆ 160, ಮೂರಕ್ಷರಕ್ಕೆ 640. ಟವೆಲ್ಲಿಗೂ ಟಿಕೀಟು. ಬಾಡಿಗೆಯ ಕಾಟ ತಪ್ಪಿಸಿಕೊಳ್ಳಲು ಹೊರಟವರು ಬಾಡಿಗೆ ಇಲ್ಲದೆ ನಡೆಯೂದಿಲ್ಲ ಅಂತ ತಿರುಗಿ ಬಂದದ್ದು ನೋಡಿ ನನಗೆ ನಗು ಬಂದಿತು, ಆದರೆ ಅದು ಜಾಣತನದ ತಿರುಗಾಟ. 2020ರಲ್ಲಿ ಬಂದ ಹ್ಯಾಂಡ್‌ಶೇಕ್ ಇನ್ನೂ ಕೆಳಗೆ ಹೋಗಿ ಬೇರನ್ನೇ ಬದಲಿಸುತ್ತೇವೆ ಎಂದಿತು. ಆದರೂ ಆಗಲೇ ಬಳಕೆಯಲ್ಲಿದ್ದ ಸುಮಾರು ಒಂದು ಲಕ್ಷ ಹೆಸರುಗಳನ್ನು ಹಳೇ ಒಡೆಯರಿಗೆ ಅಂತ ಎತ್ತಿಟ್ಟಿತು. ಹೊಸ ದಫ್ತರಕ್ಕೂ ಹಳೇ ದಫ್ತರದ ಮರ್ಯಾದೆ ಬೇಕಾಯಿತು.

ಇನ್ನೊಂದು ತೊಡಕು ಅದ. ಕಚೇರಿ ಇಲ್ಲದ ವಹಿ ಒಂದೇ ಇರಬೇಕೆಂದು ಯಾರು ಹೇಳಬೇಕು? ಎಮರ್‌ಕಾಯಿನ್ ಎಂಬ ವಹಿಯಲ್ಲಿ 'ಡಾಟ್ ಕಾಯಿನ್' ಹೆಸರುಗಳು ಮೊದಲೇ ಇದ್ದವು. ಅನ್‌ಸ್ಟಾಪಬಲ್ ಡೊಮೇನ್ಸ್ ಎಂಬ ಕಂಪನಿ ಬೇರೆ ವಹಿಯಲ್ಲಿ ಅದೇ ಬಾಲದ ಹೆಸರು ಮಾರಿತು. ಒಂದೇ ಹೆಸರು, ಎರಡು ವಹಿ, ಇಬ್ಬರು ಒಡೆಯರು. 2022ರಲ್ಲಿ ಆ ಕಂಪನಿ ತನ್ನ ಡಾಟ್ ಕಾಯಿನ್ ಹೆಸರುಗಳನ್ನು ನಿಲ್ಲಿಸಿಬಿಟ್ಟಿತು. ಒಂದೇ ಊರಿಗೆ ಎರಡು ಬೋರ್ಡು ಇರುವ ನಮಗೆ ಇದೇನು ಹೊಸದಲ್ಲ. ಆದರೆ ಕಂಪನಿಯ ಹೆಸರು ನೋಡಿರಿ, ಅನ್‌ಸ್ಟಾಪಬಲ್ ಅಂದರೆ ತಡೆಯಲಾಗದ್ದು ಅಂತ ಮಾಸ್ತರರು ಹೇಳಿದರು!

ಅದೇ ವರ್ಷ ಇನ್ನೊಂದು ನಡೆಯಿತು. ನಮ್ಮ ಮೊಬೈಲಿನ ಸಾದಾ ಬ್ರೌಸರಿಗೆ ಡಾಟ್ ಇಟಿಎಚ್ ಅಂದ್ರ ತಿಳಿಯೂದಿಲ್ಲ. ಅದಕ್ಕ 'ಇಟಿಎಚ್ ಡಾಟ್ ಲಿಂಕ್' ಎಂಬ ಹಳೇ ನಮೂನಿಯ ಹೆಸರೊಂದನ್ನು ಸೇತುವೆಯಾಗಿ ಇಟ್ಟಿದ್ದರು. ಆ ಹೆಸರು ಯಾರ ಖಾತೆಯಲ್ಲಿತ್ತೋ ಅವರು ಅಮೆರಿಕದ ಜೈಲಿನಲ್ಲಿದ್ದರು. ನವೀಕರಿಸುವವರಿಲ್ಲದೆ ಹೆಸರಿನ ಮುದತ್ತು ಮುಗಿಯಿತು, ಅದು ಬೇರೆಯವರ ಪಾಲಾಯಿತು. ಕಡೀಕ ಅವರು ಕೋರ್ಟಿಗೆ ಹೋಗಿ ಅದನ್ನು ತಿರುಗಿ ಪಡೆದರು. ಕಚೇರಿ, ಕೋರ್ಟು ಬ್ಯಾಡ ಎಂದು ಕಟ್ಟಿದ ಊರಿಗೆ ಹೋಗುವ ಸೇತುವೆಯನ್ನು ಕೋರ್ಟು ಉಳಿಸಿಕೊಟ್ಟಿತು. ನಮ್ಮ ಮೇಳಕ್ಕೆ ಕೋರ್ಟಿಗೆ ಹೋಗುವ ಕಸುವಿರಲಿಲ್ಲ. ಅದೊಂದೇ ಫರಕು, ಹೆಸರು ಹೋದ ರೀತಿ ಒಂದೇ.

ಇಲ್ಲಿಗೆ ನನ್ನ ನಿಜವಾದ ಪ್ರಶ್ನೆ ಬಂತು. ಬರೆದದ್ದನ್ನು ಯಾರೂ ಅಳಿಸಲಾಗದ ವಹಿ ಒಳ್ಳೆಯದೋ, ಕೆಟ್ಟದ್ದೋ?

ನಮ್ಮ ಓಣಿಯಲ್ಲಿ ಒಬ್ಬ ಹೆಣ್ಣುಮಗಳ ಗಂಡ ತೀರಿಕೊಂಡ. ಮೈದುನರು ವಾರಸಾ ಬರೆಸುವಾಗ ಈಕೆಯ ಹೆಸರು ಬಿಟ್ಟರು. ನಮ್ಮ ಕಡೆ ಹೊಲದ ಹೆಸರು ಬದಲಾಗಬೇಕಾದರೆ ಫೇರಫಾರ ಆಗಬೇಕು. ಅದಕ್ಕೆ ಮೊದಲು ಚಾವಡಿಯಲ್ಲಿ ನೋಟೀಸು ಅಂಟಿಸುತ್ತಾರೆ, ತಕರಾರು ಇದ್ದವರು ಹದಿನೈದು ದಿನದೊಳಗೆ ಹೇಳಬೇಕು. ಓದು ಬಾರದ ಆಕೆಗೆ ನೋಟೀಸು ಓದಿ ಹೇಳಿದವರು ಶಾಲೆಯ ಮಾಸ್ತರರು. ಹನ್ನೆರಡನೇ ದಿನ ಹೆಬ್ಬೆಟ್ಟು ಒತ್ತಿ ತಕರಾರು ಕೊಟ್ಟಳು. ಸರ್ಕಲ್ ಸಾಹೇಬರ ಮುಂದೆ ವಿಚಾರಣೆ ನಡೆದು ಆಕೆಯ ಹೆಸರು ಏರಿತು. ಇವತ್ತು ಆಕೆ ಆ ಹೊಲದಾಗ ತೊಗರಿ ಬೆಳೀತಾಳ. ಆ ಹದಿನೈದು ದಿನ ಇರದಿದ್ದರೆ? ಸುಳ್ಳನ್ನು ಮೊದಲು ಬರೆಸಿದವನು ಗೆದ್ದು ಹೋಗುತ್ತಿದ್ದ, ಹತ್ತು ಸಾವಿರ ಹೆಳವರು ಆ ಸುಳ್ಳನ್ನೇ ನಿಷ್ಠೆಯಿಂದ ಬರೆದುಕೊಂಡು ಕಾಯುತ್ತಿದ್ದರು. ವಹಿ ತಿದ್ದಿಲ್ಲ ಎಂಬುದು ಬೇರೆ, ವಹಿಯಲ್ಲಿದ್ದದ್ದು ನ್ಯಾಯ ಎಂಬುದು ಬೇರೆ. ಬ್ಲಾಕ್‌ಚೈನಿನವರು ಮೊದಲನೆಯದನ್ನು ಸಾಧಿಸಿದ್ದಾರೆ, ಅದು ಸಣ್ಣ ಕೆಲಸ ಅಲ್ಲ. ಎರಡನೆಯದು ಅವರ ಲೆಕ್ಕದಾಗ ಬರೂದಿಲ್ಲ.

ಹಾಂಗಂತ ತಿದ್ದುವ ಕೈಯನ್ನು ನಾನು ಹೊಗಳಲಾರೆ. ಅದೇ ನಮೂನಿಯ ವಹಿಗಳಲ್ಲಿ ರಾತ್ರೋರಾತ್ರಿ ಹೆಸರು ಅಳಿದದ್ದನ್ನೂ, ಒಂದು ಕೋಳಿ ಒಂದು ಬಾಟ್ಲಿಗೆ ಬಾಂದು ಸರಿದದ್ದನ್ನೂ ನಮ್ಮ ಸೀಮೆಯ ಮಂದಿ ಕಂಡಿದ್ದಾರೆ. ವಿಧವೆಯ ಹೆಸರು ಸೇರಿಸಿದ ಪೆನ್ನೇ ಇನ್ನೊಬ್ಬಳ ಹೆಸರು ತೆಗೆಯಬಲ್ಲದು. ಕ್ಯಾಟಲನ್ ಮಂದಿಗೆ ಕೇಳಿದರೆ ಅವರು ನನ್ನ ಹದಿನೈದು ದಿನದ ಮಾತಿಗೆ ನಕ್ಕಾರು, "ಪೊಲೀಸರು ನಮಗ ಹದಿನೈದು ತಾಸೂ ಕೊಡಲಿಲ್ಲ" ಅಂದಾರು. ಅವರ ಜಾಗದಲ್ಲಿ ನಿಂತರೆ ಅಳಿಸಲಾಗದ ವಹಿಯೇ ಬೇಕು ಎನಿಸುತ್ತದೆ. ನಮ್ಮ ಓಣಿಯ ಆಕೆಯ ಜಾಗದಲ್ಲಿ ನಿಂತರೆ ತಿದ್ದುವ ವಹಿ ಬೇಕು. ಎರಡೂ ಜಾಗದಲ್ಲಿ ನಿಲ್ಲದೆ ಮಾತಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನನ್ನನ್ನು ಒತ್ತಿ ಕೇಳಿದರೆ ಹೀಗೆ ಹೇಳುತ್ತೇನೆ: ಹಳೇ ಬರಹ ಅಳಿಸಬಾರದು, ಆದರೆ ಅದರ ಕೆಳಗೆ 'ಇದು ತಪ್ಪಿತ್ತು, ಇಂತಿಂಥವರ ಮುಂದೆ ಸರಿ ಮಾಡಿದೆ' ಎಂದು ಬರೆಯಲು ಜಾಗ ಇರಬೇಕು, ಮತ್ತು ಬರೆಯುವ ಮೊದಲು ಚಾವಡಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಬೇಕು. ಹಾಂಗ ಮಾಡಬೇಕಂದ್ರ ಮತ್ತೆ ಕೇಳುವವರು ಕೆಲವರು ಬೇಕಾಗುತ್ತಾರೆ, ಮತ್ತೆ ಕುರ್ಚಿ ಬರುತ್ತದೆ. ಬರಲಿ. ಮೂರು ನಾಕು ಕುರ್ಚಿ ಇರಲಿ, ಒಬ್ಬರ ಮುಖ ಒಬ್ಬರಿಗೆ ಕಾಣುವಂತೆ ಇರಲಿ.

ಹಾಡುವವರಿಗೆ ಒಂದು ಮೂರನೇ ದಫ್ತರ ಗೊತ್ತದ, ಅದನ್ನೂ ಹೇಳಬೇಕು. ಅಂಕಿತ. ಕೂಡಲಸಂಗಮದೇವ ಅಂದರೆ ಬಸವಣ್ಣನವರ ವಚನ, ಶಿಶುನಾಳಧೀಶ ಅಂದರೆ ಶರೀಫಜ್ಜನ ಪದ. ನಮ್ಮ ಲಾವಣಿ ಗೀಗೀ ಪದಗಳ ಕಡೆಯ ನುಡಿಯಲ್ಲೂ ಊರ ಹೆಸರು, ಕಟ್ಟಿದವನ ಹೆಸರು ಬರುತ್ತದೆ. ಈ ಅಂಕಿತಗಳನ್ನು ಯಾವ ಕಚೇರಿಯಲ್ಲೂ ಬರೆಸಿಲ್ಲ, ಯಾರೂ ಬಾಡಿಗೆ ತುಂಬಿಲ್ಲ. ಬೇಕಾದವರು ಬೇಕಾದ ಅಂಕಿತ ಹಾಕಿ ಹಾಡಬಹುದು. ಹಾಕಿದ್ದಾರೆ ಕೂಡ, ಶರೀಫಜ್ಜನ ಹೆಸರಿನಲ್ಲಿ ಯಾರ್ಯಾರದೋ ಪದ ಓಡಾಡುತ್ತವೆ. ಆದರೆ ಕೂತು ಕೇಳುವ ಹಿರಿಯರು ಎರಡನೇ ನುಡಿಗೇ "ಇದು ಅಜ್ಜಂದಲ್ಲೋ ತಮ್ಮಾ" ಅಂತಾರ. ದಫ್ತರ ಕೇಳುವವರ ಕಿವ್ಯಾಗ ಅದ. ಅದನ್ನು ನಲವತ್ತು ಸಾವಿರ ಕೊಟ್ಟು ಕೊಳ್ಳಲಾಗದು, ಜಪ್ತಿ ಮಾಡಲಾಗದು. ಆದರೆ ಅದು ನಡೆಯುವುದು ಮುಖ ಕಂಡ ಮಂದಿಯ ನಡುವೆ, ಬೆಳತನಕ ಕೂತು ಕೇಳುವ ಮಂದಿಯ ನಡುವೆ. ಮುಖ ಕಾಣದ ಕೋಟಿ ಕೋಟಿ ಮಂದಿಯ ನಡುವೆ ಆ ಕಿವಿಯನ್ನು ಎಲ್ಲಿಂದ ತರೋಣ? ಮಾಸ್ತರರು ಅದಕ್ಕೂ ಏನಾದರೂ ಮಶೀನು ಬಂದೀತು ಅಂತಾರ. ನನಗ ನಂಬಿಕಿ ಇಲ್ಲ.

ಮೇಳದ ಹೆಸರು ಮತ್ತೆ ತೆಗೆಸಬೇಕು ಎಂದು ಈ ಸಲ ವಾಚನಾಲಯದಲ್ಲಿ ಕೂತಿದ್ದೆವು. ಸಾದಾ ಹೆಸರೇ ತಗೊಂಡಿದ್ದೀವಿ, ಡಾಟ್ ಇನ್ ಬಾಲದ್ದು. ಮೂವರ ಈಮೇಲು, ಮೂವರ ನಂಬರು ಕೊಟ್ಟಿದ್ದೀವಿ. ಬಾಡಿಗೆಯ ತಾರೀಖನ್ನು ವಾಚನಾಲಯದ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಬರೆದಿದ್ದೀವಿ, ಪೇಪರ್ ಓದಲು ಬಂದವರೆಲ್ಲ ನೋಡಲಿ ಅಂತ. ಮೊಮ್ಮಗನಿಗೆ ಸಮಾಧಾನವಿಲ್ಲ. ಬ್ಲಾಕ್‌ಚೈನಿನ ಹೆಸರೂ ಒಂದಿರಲಿ ಅಂತಾನ, ಅದಕ್ಕ ಬೀಗದ ಕೈ ಇದ್ದಂಗ ಹನ್ನೆರಡು ಶಬ್ದ ಕೊಡತಾರ, ಅವನ್ನ ನೀನೇ ಬಾಯಿಪಾಠ ಮಾಡಿ ಇಟ್ಟುಕೋ ಅಂತಾನ. ಆ ಶಬ್ದ ಕಳೆದರೆ ಹೆಸರು ಯಾರಿಗೂ ಸಿಗೂದಿಲ್ಲ, ಕೊಡಿಸಲು ಯಾವ ಸಾಹೇಬನೂ ಇಲ್ಲ. ಇನ್ನೊಬ್ಬನ ಕಿವಿಗೆ ಬಿದ್ದರೆ ಹೆಸರು ಅವನದಾಗುತ್ತದೆ.

ಇನ್ನೂರು ಪದ ಬಾಯಿಗಿದ್ದವನಿಗೆ ಹನ್ನೆರಡು ಶಬ್ದ ಹೆಚ್ಚಲ್ಲ. ಆದರೆ ನನ್ನ ಬಾಯಾಗ ಇವತ್ತು ಏನೇನು ಉಳದದೋ ಅದೆಲ್ಲ ಹತ್ತು ಮಂದಿ ಮುಂದೆ ಹಾಡಿ ಹಾಡಿ ಉಳದದ್ದು. ಮರೆತಲ್ಲಿ ಹಿಂದಿನ ಮೇಳದವ ಎತ್ತಿಕೊಟ್ಟಿದ್ದಾನೆ, ತಪ್ಪಿದಲ್ಲಿ ಕೇಳುವವರು ತಿದ್ದಿದ್ದಾರೆ. ಹಾಡಬಾರದ ಹನ್ನೆರಡು ಶಬ್ದವನ್ನು ನನಗೆ ಅರವತ್ತೇಳನೇ ವಯಸ್ಸಿನಾಗ ಯಾರು ನೆನಪು ಮಾಡಿ ಕೊಡಬೇಕು? ನಾನು ಹೋದ ಮ್ಯಾಲೆ ಯಾರ ಕಿವ್ಯಾಗ ಇರಬೇಕು? ಮೊಮ್ಮಗನಿಗೆ ಇದನ್ನ ಕೇಳೀನಿ. ವಿಚಾರ ಮಾಡಿ ಹೇಳತೀನಿ ಮುತ್ಯಾ ಅಂದಾನ.